ಬರೀ ತೆರೆದು ನೋಡಿದ ಫೈಲು ಕಂಪ್ಯೂಟರಿಗೆ ಹೇಗೆ ಕೇಡು ಮಾಡುತ್ತದೆ?

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ನಮ್ಮದೊಂದು ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿಯಿದೆ. ಪಹಣಿ, ಬ್ಯಾಂಕಿನ ಸ್ಟೇಟ್‌ಮೆಂಟು, ಮದುವೆಯ ಕರೆಯೋಲೆ, ಅಡಿಕೆ ಮಾರಿದ ಬಿಲ್ಲು ಎಂದು ದಿನವೂ ಹತ್ತಾರು ಫೈಲುಗಳು ಪೆನ್‌ಡ್ರೈವ್, ಇಮೇಲ್, ವಾಟ್ಸ್‌ಆ್ಯಪ್ ಮೂಲಕ ಬರುತ್ತವೆ. ನಾವು ಹೊಸದಾಗಿ ಯಾವ ಪ್ರೋಗ್ರಾಮನ್ನೂ ಇನ್‌ಸ್ಟಾಲ್ ಮಾಡುವುದಿಲ್ಲ. ಪಿಡಿಎಫ್ ತೆರೆದು ಪ್ರಿಂಟ್ ಕೊಡುತ್ತೇವೆ, ಅಷ್ಟೇ. ಕಳೆದ ವಾರ ಇಮೇಲಿನಲ್ಲಿ ಬಂದ ಒಂದು ಪಿಡಿಎಫ್ ತೆರೆದಾಗ ರೀಡರ್ ತಾನಾಗಿ ಮುಚ್ಚಿಕೊಂಡು, ಮರುಕ್ಷಣ ತಾನಾಗಿಯೇ ತೆರೆದುಕೊಂಡು ಮಾಮೂಲಿ ಪುಟ ತೋರಿಸಿತು. ಓದುವ ಫೈಲಿನಿಂದಲೂ ವೈರಸ್ ಬರುತ್ತದೆಯೇ? ಆಂಟಿವೈರಸ್ ಇದ್ದರೆ ಸಾಲದೆ? ನಮ್ಮಲ್ಲಿ ವಿಂಡೋಸ್ 7ರ ಹಳೆಯ ಕಂಪ್ಯೂಟರೊಂದೂ ಇದೆ, ಅದನ್ನು ಇಟ್ಟುಕೊಳ್ಳಬಹುದೇ?

ಉತ್ತರ: ಮೊದಲು ಆ ಕಂಪ್ಯೂಟರಿನ ವಿಷಯ. ರೀಡರ್ ಮುಚ್ಚಿಕೊಂಡಿತು ಎಂದ ಮಾತ್ರಕ್ಕೆ ಅದು ದಾಳಿಯೇ ಆಗಬೇಕೆಂದಿಲ್ಲ. ಮೆಮೊರಿ ಕಡಿಮೆಯಿರುವ ಯಂತ್ರದಲ್ಲಿ ದೊಡ್ಡ ಸ್ಕ್ಯಾನ್ ಪ್ರತಿಯನ್ನು ತೆರೆದಾಗಲೂ, ಅರ್ಧಕ್ಕೇ ಡೌನ್‌ಲೋಡ್ ಆಗಿ ಕೆಟ್ಟ ಫೈಲನ್ನು ತೆರೆದಾಗಲೂ ಹೀಗಾಗುವುದುಂಟು. ಆದರೆ ಮುಚ್ಚಿಕೊಂಡ ರೀಡರ್ ನೀವು ಮುಟ್ಟದೆಯೇ ಮತ್ತೆ ತೆರೆದು ಸರಿಯಾದ ಪುಟ ತೋರಿಸಿತು ಎಂಬ ವಿವರವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಕೇಡಿನ ಪಿಡಿಎಫ್‌ಗಳು ಬಹಳ ವರ್ಷಗಳಿಂದ ಅನುಸರಿಸುತ್ತಿರುವ ಕ್ರಮ ಇದೇ ಆಗಿದೆ: ಮೊದಲ ಫೈಲು ರೀಡರನ್ನು ಒಳಗಿನಿಂದ ಕೆಡಿಸಿ, ತನ್ನಲ್ಲಿ ಅಡಗಿಸಿಟ್ಟ ಪ್ರೋಗ್ರಾಮನ್ನು ಡಿಸ್ಕಿಗೆ ಇಳಿಸುತ್ತದೆ, ಆಮೇಲೆ ನೋಡುವವರಿಗೆ ಸಂಶಯ ಬಾರದಿರಲೆಂದು ನಿರುಪದ್ರವಿಯಾದ ಇನ್ನೊಂದು ಪಿಡಿಎಫನ್ನು ತೆರೆದು ಮುಂದಿಡುತ್ತದೆ.

ಆದ್ದರಿಂದ ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ಆ ಯಂತ್ರದ ಇಂಟರ್‌ನೆಟ್ ಕೇಬಲನ್ನು ಕಳಚಿ, ವೈಫೈ ಆರಿಸಿ. ಇಮೇಲನ್ನು ಅಳಿಸಬೇಡಿ, ಮುಂದೆ ಪರೀಕ್ಷಿಸುವವರಿಗೆ ಅದು ಬೇಕಾಗುತ್ತದೆ. ವಿಂಡೋಸ್ 10 ಅಥವಾ 11 ಆಗಿದ್ದರೆ ಅದರಲ್ಲೇ ಇರುವ ಮೈಕ್ರೋಸಾಫ್ಟ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನನ್ನು ನಡೆಸಿ. ವಿಂಡೋಸ್ ಮೇಲೇಳುವ ಮೊದಲೇ ಅದು ಹುಡುಕಾಟ ನಡೆಸುವುದರಿಂದ ವಿಂಡೋಸಿನೊಳಗೆ ಅವಿತವುಗಳಿಗೆ ತಪ್ಪಿಸಿಕೊಳ್ಳುವುದು ಕಷ್ಟವಾಗುತ್ತದೆ. ಆ ಯಂತ್ರದಲ್ಲಿ ಬಳಸಿದ ಬ್ಯಾಂಕಿನ, ಇಮೇಲಿನ, ಸರ್ಕಾರಿ ಪೋರ್ಟಲ್‌ಗಳ ಪಾಸ್‌ವರ್ಡುಗಳನ್ನೆಲ್ಲ ಬೇರೊಂದು ಕಂಪ್ಯೂಟರಿನಿಂದ ಅಥವಾ ಮೊಬೈಲಿನಿಂದ ಬದಲಾಯಿಸಿ. ಖಾತೆಯಿಂದ ಹಣ ಹೋಗಿರುವುದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸ್ಕ್ಯಾನಿನಲ್ಲಿ ಏನಾದರೂ ಸಿಕ್ಕಿದರೆ, ಅದನ್ನು ತೆಗೆದು ಸುಮ್ಮನಾಗುವುದಕ್ಕಿಂತ ನಿಮ್ಮ ದಾಖಲೆಗಳನ್ನು ಮಾತ್ರ ಪ್ರತಿ ಮಾಡಿಕೊಂಡು ವಿಂಡೋಸನ್ನು ಹೊಸದಾಗಿ ಹಾಕಿಸುವುದೇ ಸರಿಯೆಂದು ನಾನು ಹೇಳುತ್ತೇನೆ.

ಇನ್ನು ನಿಮ್ಮ ಮೂಲ ಪ್ರಶ್ನೆ. ಓದುವುದು ಬೇರೆ, ಪ್ರೋಗ್ರಾಮ್ ನಡೆಸುವುದು ಬೇರೆ ಎಂದು ನೀವು ಎಣಿಸಿದ್ದೀರಿ. ಕಾಗದದ ಮಟ್ಟಿಗೆ ಅದು ನಿಜ, ಕಂಪ್ಯೂಟರಿನ ಮಟ್ಟಿಗೆ ನಿಜವಲ್ಲ. ಅಡೋಬಿ ಕಂಪನಿ 1993ರಲ್ಲಿ ಹೊರತಂದು, 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಪಿಡಿಎಫ್ ಎಂಬುದು ಪುಟದ ಚಿತ್ರವಲ್ಲ. ಪುಟವನ್ನು ಹೇಗೆ ಕಟ್ಟಬೇಕು ಎಂಬ ಸೂಚನೆಗಳ ಕಟ್ಟು. ಈ ಅಕ್ಷರಶೈಲಿಯನ್ನು ಬಿಚ್ಚು, ಈ ಅಕ್ಷರವನ್ನು ಇಷ್ಟು ಎಡಕ್ಕೆ ಇಡು, ಒತ್ತಿಟ್ಟ ಈ ಚಿತ್ರವನ್ನು ಹರಡು, ಈ ಫಾರಮಿನ ಮೊತ್ತವನ್ನು ಕೂಡಿಸು ಎಂಬಂಥ ಸಾವಿರಾರು ಸೂಚನೆಗಳನ್ನು ರೀಡರ್ ಒಂದೊಂದಾಗಿ ನಡೆಸಿಕೊಟ್ಟಾಗ ಮಾತ್ರ ನಿಮಗೆ ಪಹಣಿ ಕಾಣಿಸುತ್ತದೆ. ಸಾಲದ್ದಕ್ಕೆ ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಮುಗಳನ್ನೂ, ಬೇರೆ ಫೈಲುಗಳನ್ನೂ ಪಿಡಿಎಫ್‌ನೊಳಗೆ ಇಡಲು ಅವಕಾಶವಿದೆ. ಹೀಗೆ ನೀವು ಫೈಲನ್ನು ನೋಡುತ್ತಿರುವಾಗ ರೀಡರ್ ಅಪರಿಚಿತರೊಬ್ಬರು ಬರೆದುಕೊಟ್ಟ ಸೂಚನೆಗಳನ್ನು ಪಾಲಿಸುತ್ತಿರುತ್ತದೆ. ಆ ಸೂಚನೆಗಳಲ್ಲಿ ಸುಳ್ಳಿದ್ದರೆ ಅದನ್ನು ಗುರುತಿಸುವಷ್ಟು ಎಚ್ಚರ ರೀಡರ್‌ಗೆ ಇದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಆ ಸುಳ್ಳು ಎಂಥದ್ದು ಎಂಬುದನ್ನು ಒಂದು ಲೆಕ್ಕದ ಮೂಲಕ ನೋಡೋಣ. ಅಡಿಕೆ ಮಂಡಿಗೆ ಲಾರಿ ಬರುವ ಮೊದಲೇ ಒಂದು ಚೀಟಿ ಬರುತ್ತದೆ, ಅದರಲ್ಲಿ ಬರೆದಷ್ಟು ಚೀಲಗಳಿಗೆ ಮಾತ್ರ ಜಾಗ ಮಾಡಿಡುತ್ತಾರೆ ಎಂದುಕೊಳ್ಳಿ. ಚೀಟಿಯಲ್ಲಿ ಹತ್ತು ಚೀಲವೆಂದಿದ್ದು ಲಾರಿಯಿಂದ ನೂರು ಇಳಿದರೆ, ಉಳಿದ ತೊಂಬತ್ತನ್ನು ಪಕ್ಕದವರ ರಾಶಿಯ ಮೇಲೆ ಹೇರದೆ ವಿಧಿಯಿಲ್ಲ. ಮಂಡಿಯಲ್ಲಾದರೆ ಹಮಾಲರು ಕೈತಡೆದು ಕೇಳುತ್ತಾರೆ, ಎಚ್ಚರವಿಲ್ಲದ ಪ್ರೋಗ್ರಾಮ್ ಕೇಳುವುದಿಲ್ಲ. ಚಿತ್ರವೊಂದು ತನ್ನ ಅಗಲ 65,536, ಎತ್ತರ 65,537 ಎಂದು ಹೇಳಿಕೊಂಡಿತು ಎನ್ನಿ. ಗುಣಿಸಿದರೆ 4,29,50,32,832 ಬರಬೇಕು. ಆದರೆ ಸಂಖ್ಯೆಯೊಂದಕ್ಕೆ ಸೊನ್ನೆ-ಒಂದುಗಳ 32 ಮನೆಗಳನ್ನಷ್ಟೇ ಕೊಡುವ 32 ಬಿಟ್‌ಗಳ ಲೆಕ್ಕದಲ್ಲಿ 4,29,49,67,295ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಹಳೆಯ ಸ್ಕೂಟರಿನ ಮೀಟರು 99,999 ಆದ ಮೇಲೆ ಸೊನ್ನೆಗೆ ತಿರುಗುವಂತೆ ಅದೂ ಸೊನ್ನೆಗೆ ತಿರುಗಿ, ಮತ್ತೆ ಎಣಿಸುತ್ತ ಹೋಗಿ, ಕೊನೆಗೆ ಉತ್ತರ 65,536 ಎಂದು ಬರುತ್ತದೆ. ರೀಡರ್ ಅಷ್ಟಕ್ಕೇ ಜಾಗ ಕಾದಿಟ್ಟು ಚಿತ್ರವನ್ನು ಹರಡತೊಡಗಿದಾಗ ಅದು ಮೆಮೊರಿಯ ಪಕ್ಕದ ಜಾಗಗಳಿಗೆ ಚೆಲ್ಲುತ್ತದೆ. ಆ ಜಾಗಗಳಲ್ಲಿ ‘ಮುಂದೆ ಯಾವ ಕೆಲಸ ಮಾಡಬೇಕು’ ಎಂಬುದರ ವಿಳಾಸಗಳೂ ಇರುವುದುಂಟು. ಅವುಗಳ ಮೇಲೆ ತಾನು ಬಯಸಿದ ವಿಳಾಸ ಬೀಳುವಂತೆ ಫೈಲನ್ನು ಹೊಸೆಯುವುದು ದಾಳಿಕೋರನ ಕಸುಬು. ಹಾಗೆ ಬಿದ್ದಾಗ ನಿಮ್ಮ ರೀಡರ್, ನಿಮ್ಮದೇ ಹೆಸರಿನಲ್ಲಿ, ಅವನ ಕೆಲಸ ಮಾಡತೊಡಗುತ್ತದೆ.

ಕನ್ನಡದಲ್ಲಿ ಡಿಟಿಪಿ ಮಾಡುವವರಿಗೆ ಹತ್ತಿರದ ನಿದರ್ಶನವೊಂದಿದೆ. ನುಡಿ, ಬರಹ ಮುಂತಾದ ಕನ್ನಡ ತಂತ್ರಾಂಶಗಳಲ್ಲಿ ಮಾಡಿದ ಕರೆಯೋಲೆಯನ್ನು ಪಿಡಿಎಫ್ ಮಾಡುವಾಗ ಫಾಂಟನ್ನು ಒಳಗೇ ಸೇರಿಸಿ ಕಳಿಸುವುದು ನಮ್ಮ ರೂಢಿ. ಇಲ್ಲದಿದ್ದರೆ ಇನ್ನೊಂದು ಅಂಗಡಿಯಲ್ಲಿ ತೆರೆದಾಗ ಅಕ್ಷರಗಳೆಲ್ಲ ಗೋಜಲಾಗುತ್ತವೆ. ಆದರೆ ಫಾಂಟು ಎಂಬುದು ಅಕ್ಷರದ ಆಕಾರ ಮಾತ್ರವಲ್ಲ. ಅದರಲ್ಲಿ ಹಲವು ಕೋಷ್ಟಕಗಳೂ, ಅಕ್ಷರವನ್ನು ಸಣ್ಣ ಗಾತ್ರದಲ್ಲಿ ನೇರ್ಪುಗೊಳಿಸುವ ಪುಟ್ಟ ಪ್ರೋಗ್ರಾಮುಗಳೂ ಇರುತ್ತವೆ. 2010ರ ಸೆಪ್ಟೆಂಬರಿನಲ್ಲಿ ಬಯಲಿಗೆ ಬಂದ ಅಡೋಬಿ ರೀಡರ್‌ನ ದೋಷವೊಂದು ಇಂಥ ಕೋಷ್ಟಕದಲ್ಲೇ ಇತ್ತು. ಫಾಂಟಿನೊಳಗಿನ ಒಂದು ಹೆಸರನ್ನು ಅದರ ಉದ್ದ ಎಷ್ಟೆಂದು ಅಳೆಯದೆಯೇ ಸೀಮಿತ ಜಾಗಕ್ಕೆ ನಕಲು ಮಾಡುತ್ತಿದ್ದುದು, ಅಷ್ಟೇ ತಪ್ಪು. ಅದು ಬಯಲಾಗುವ ಹೊತ್ತಿಗೆ ದಾಳಿಕೋರರು ಅದನ್ನು ಬಳಸುತ್ತಲೇ ಇದ್ದರು. ಫಾಂಟ್ ಸೇರಿಸುವುದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ, ಅದು ಬೇಕೇ ಬೇಕು. ಆದರೆ ಬೇರೆಯವರ ಪಿಡಿಎಫ್ ತೆರೆದ ಪ್ರತಿ ಸಲವೂ ಅವರ ಫಾಂಟನ್ನೂ ನಿಮ್ಮ ಯಂತ್ರದೊಳಕ್ಕೆ ಬರಮಾಡಿಕೊಂಡಿರುತ್ತೀರಿ ಎಂಬ ಅರಿವು ಇರಬೇಕು.

ಚಿತ್ರಗಳ ಕಡೆಯಿಂದ ಬಂದ ಅತ್ಯಂತ ದೊಡ್ಡ ನಿದರ್ಶನ 2021ರದು. ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಪೆಗಾಸಸ್ ಗೂಢಚರ ತಂತ್ರಾಂಶವನ್ನು ಐಫೋನುಗಳಿಗೆ ಇಳಿಸಲು ಬಳಸಿದ ಒಂದು ದಾರಿಯನ್ನು ಕೆನಡಾದ ಸಿಟಿಜನ್ ಲ್ಯಾಬ್ ಸಂಶೋಧಕರು ಪತ್ತೆಹಚ್ಚಿ, ಅದಕ್ಕೆ ಫೋರ್ಸ್ಡ್‌ಎಂಟ್ರಿ ಎಂದು ಹೆಸರಿಟ್ಟರು. ಸಂದೇಶದಲ್ಲಿ ಬಂದ ಫೈಲಿನ ಹೆಸರಿನ ಕೊನೆಗೆ ‘ಜಿಫ್’ ಎಂದಿತ್ತು, ಒಳಗಿದ್ದದ್ದು ಪಿಡಿಎಫ್. ಫೋನು ಹೆಸರನ್ನು ನಂಬದೆ ಒಳಗಿನ ಬರಹವನ್ನು ನೋಡಿ ಅದನ್ನು ಪಿಡಿಎಫ್ ಎಂದೇ ಬಿಚ್ಚಿತು. ಅದರಲ್ಲಿದ್ದ ಚಿತ್ರ ಜೆಬಿಗ್2 ಎಂಬ ಹಳೆಯ ವಿಧಾನದಲ್ಲಿ ಒತ್ತಿದ್ದಾಗಿತ್ತು. ಸ್ಕ್ಯಾನ್ ಮಾಡಿದ ಕಪ್ಪು ಬಿಳುಪಿನ ಪುಟಗಳನ್ನು ಚಿಕ್ಕದಾಗಿಸಲೆಂದೇ ಮಾಡಿದ ವಿಧಾನವದು. ಒಂದೇ ತೆರನಾಗಿ ಕಾಣುವ ಅಕ್ಷರಗಳನ್ನು ಒಮ್ಮೆ ಮಾತ್ರ ಉಳಿಸಿ, ಉಳಿದೆಡೆ ಅದನ್ನೇ ಮತ್ತೆ ಅಚ್ಚೊತ್ತುತ್ತದೆ. (ಇದೇ ಗುಣದಿಂದಾಗಿ ಝೆರಾಕ್ಸ್ ಕಂಪನಿಯ ಕೆಲವು ಸ್ಕ್ಯಾನರುಗಳು 6ರ ಜಾಗದಲ್ಲಿ 8 ಅಚ್ಚೊತ್ತುತ್ತಿದ್ದದ್ದು 2013ರಲ್ಲಿ ಬೆಳಕಿಗೆ ಬಂತು. ಸರ್ವೆ ನಂಬರುಗಳನ್ನು ಸ್ಕ್ಯಾನ್ ಮಾಡುವ ನಮ್ಮಂಥವರು ಇದನ್ನು ನೆನಪಿಡಬೇಕು.) ನಾನು ಮೇಲೆ ಹೇಳಿದಂಥ ಎಣಿಕೆಯ ತಪ್ಪೇ ಆ ಜೆಬಿಗ್2 ಬಿಚ್ಚುವ ಭಾಗದಲ್ಲಿತ್ತು. ದಾಳಿಕೋರರು 70,000ಕ್ಕೂ ಹೆಚ್ಚು ಚಿತ್ರಸೂಚನೆಗಳನ್ನು ಪೋಣಿಸಿ, ಚಿತ್ರ ಬಿಚ್ಚುವ ಕೆಲಸದೊಳಗೇ ಒಂದು ಪುಟ್ಟ ಗಣಕಯಂತ್ರವನ್ನು ಕಟ್ಟಿಬಿಟ್ಟಿದ್ದರೆಂದು ಗೂಗಲ್‌ನ ಪ್ರಾಜೆಕ್ಟ್ ಝೀರೋ ಎಂಬ ದೋಷ ಹುಡುಕುವ ತಂಡ ಆಮೇಲೆ ವಿವರಿಸಿತು. ಫೋನಿನ ಒಡೆಯರು ಏನನ್ನೂ ಒತ್ತಬೇಕಾಗಿರಲಿಲ್ಲ, ತೆರೆಯಬೇಕಾಗಿಯೂ ಇರಲಿಲ್ಲ. ಆ್ಯಪಲ್ 2021ರ ಸೆಪ್ಟೆಂಬರ್ 13ರಂದು ಇದನ್ನು ಸರಿಪಡಿಸಿತು. ಇಂಥ ದುಬಾರಿ ದಾಳಿಯನ್ನು ತೀರ್ಥಹಳ್ಳಿಯ ಅಂಗಡಿಯ ಮೇಲೆ ಯಾರೂ ವ್ಯಯಿಸುವುದಿಲ್ಲ, ನಿಜ. ಆದರೆ ಒಂದು ದೋಷ ಸಾರ್ವಜನಿಕವಾಗಿ ಗೊತ್ತಾದ ಮೇಲೆ ಅದನ್ನು ನಕಲು ಮಾಡುವುದು ಅಗ್ಗವಾಗುತ್ತದೆ, ಸರಿಪಡಿಸಿಕೊಳ್ಳದೆ ಉಳಿದ ಯಂತ್ರಗಳೇ ಆಗ ಅದಕ್ಕೆ ಗುರಿಯಾಗುತ್ತವೆ.

ವರ್ಡ್ ಫೈಲುಗಳ ಕಥೆಯೂ ಬೇರೆಯಲ್ಲ. ಗಣಿತದ ಸಮೀಕರಣ ಬರೆಯಲೆಂದು ಮೈಕ್ರೋಸಾಫ್ಟ್ ಆಫೀಸಿನಲ್ಲಿದ್ದ ‘ಈಕ್ವೇಶನ್ ಎಡಿಟರ್’ ಎಂಬ ಭಾಗ 2000ದಲ್ಲಿ ಸಿದ್ಧವಾದದ್ದು ಹಾಗೇ ಮುಂದುವರಿದುಕೊಂಡು ಬಂದಿತ್ತು. ಅದರಲ್ಲಿದ್ದ ದೋಷ ಹೊರಬಿದ್ದದ್ದು 2017ರ ನವೆಂಬರಿನಲ್ಲಿ. ಮೈಕ್ರೋಸಾಫ್ಟ್ ಮೊದಲು ತೇಪೆ ಹಾಕಿ, 2018ರ ಜನವರಿಯಲ್ಲಿ ಆ ಭಾಗವನ್ನೇ ಕಿತ್ತುಹಾಕಿತು. ಅದಾಗಿ ಎರಡು ವರ್ಷದ ಮೇಲೆ ಶಿವಮೊಗ್ಗದ ಒಂದು ಮುದ್ರಣದ ಅಂಗಡಿಯವರು ನನ್ನನ್ನು ಕರೆಸಿದ್ದರು. ದರಪಟ್ಟಿ ಕೇಳಿ ಬಂದ ವರ್ಡ್ ಫೈಲೊಂದನ್ನು ತೆರೆದ ಮರುವಾರದಿಂದ ಅವರ ಇಮೇಲ್ ಖಾತೆಯಿಂದ ಅವರಿಗೇ ಅರಿವಿಲ್ಲದೆ ಗ್ರಾಹಕರಿಗೆ ಪತ್ರಗಳು ಹೋಗುತ್ತಿದ್ದವು. ತೆಗೆದು ನೋಡಿದರೆ ಇದೇ ಹಳೆಯ ದೋಷ, ಇದೇ ಹಳೆಯ ಆಫೀಸು. ಎರಡು ವರ್ಷ ಅಪ್‌ಡೇಟ್ ಏಕೆ ಆಗಿರಲಿಲ್ಲವೆಂದರೆ, ಹಣ ಕೊಟ್ಟು ಕೊಳ್ಳದೆ ಯಾರೋ ಹಾಕಿಕೊಟ್ಟ ‘ಕ್ರ್ಯಾಕ್’ ಪ್ರತಿ ಅದಾಗಿತ್ತು. ಅಪ್‌ಡೇಟ್ ಆದರೆ ಕ್ರ್ಯಾಕ್ ಕೆಲಸ ಮಾಡುವುದಿಲ್ಲವೆಂದು ಹಾಕಿಕೊಟ್ಟವರೇ ಅಪ್‌ಡೇಟನ್ನು ಬಂದ್ ಮಾಡಿಟ್ಟಿದ್ದರು. ನಮ್ಮ ಕಡೆಯ ಎಷ್ಟೋ ಡಿಟಿಪಿ ಅಂಗಡಿಗಳ ನಿಜವಾದ ಬಾಗಿಲು ಇಲ್ಲೇ ತೆರೆದುಕೊಂಡಿದೆ ಎಂದು ನಾನು ಬೇಸರದಿಂದಲೇ ಹೇಳಬೇಕಾಗಿದೆ. ಅಂಥ ಪ್ರತಿ ನಿಮ್ಮಲ್ಲಿದ್ದರೆ ತೆಗೆಸಿಬಿಡಿ; ಉಚಿತವಾಗಿ ಸಿಗುವ ಲಿಬ್ರೆಆಫೀಸ್ ನಿಮ್ಮ ಬಹುಪಾಲು ಕೆಲಸಕ್ಕೆ ಸಾಕು.

ತೆರೆಯದಿದ್ದರೂ ತೊಂದರೆಯಾದ ಪ್ರಸಂಗಗಳಿವೆ. 2022ರ ಮೇ ತಿಂಗಳಲ್ಲಿ ಗೊತ್ತಾದ ಫೊಲಿನಾ ಎಂಬ ದೋಷವನ್ನು ಬಳಸಿದ, ವರ್ಡಿನಲ್ಲಿ ತೆರೆಯುವಂಥ ಆರ್‌ಟಿಎಫ್ ಫೈಲು ವಿಂಡೋಸ್ ಎಕ್ಸ್‌ಪ್ಲೋರರ್‌ನ ಬದಿಯ ಮುನ್ನೋಟದಲ್ಲಿ ಕಾಣಿಸಿಕೊಂಡರೂ ಸಾಕಾಗಿತ್ತು. ಆದ್ದರಿಂದ ಗ್ರಾಹಕರ ಪೆನ್‌ಡ್ರೈವ್ ಹಾಕುವ ಯಂತ್ರದಲ್ಲಿ ಆ ಮುನ್ನೋಟದ ಪಟ್ಟಿಯನ್ನು ಮುಚ್ಚಿಯೇ ಇಡಿ. ಅಲ್ಲೇ ‘ವ್ಯೂ’ ಮೆನುವಿನಲ್ಲಿ ಫೈಲಿನ ಹೆಸರಿನ ಕೊನೆಯ ಭಾಗ ಕಾಣಿಸುವಂತೆಯೂ ಮಾಡಿಕೊಳ್ಳಿ, ಇಲ್ಲದಿದ್ದರೆ ‘ಪಹಣಿ.ಪಿಡಿಎಫ್.ಇಎಕ್ಸ್‌ಇ’ ಎಂಬ ಪ್ರೋಗ್ರಾಮು ‘ಪಹಣಿ.ಪಿಡಿಎಫ್’ ಎಂದಷ್ಟೇ ಕಾಣಿಸುತ್ತದೆ. ಮದುವೆಯ ಕರೆಯೋಲೆಯೆಂದು ವಾಟ್ಸ್‌ಆ್ಯಪಿನಲ್ಲಿ ಬರುವ ಎಪಿಕೆ ಫೈಲುಗಳಂತೂ ದಾಖಲೆಗಳೇ ಅಲ್ಲ, ಮೊಬೈಲಿಗೆ ಇಳಿಯುವ ಆ್ಯಪುಗಳು. ಅವನ್ನು ತೆರೆಯಲೇಬಾರದು.

ಆಂಟಿವೈರಸ್ ಸಾಲದೆ ಎಂದು ಕೇಳಿದ್ದೀರಿ. ಬೇಕು, ಆದರೆ ಅದೊಂದರಿಂದಲೇ ಸಾಲದು. ಈಗಾಗಲೇ ಕಂಡ ಕೇಡನ್ನು ಅದು ಚೆನ್ನಾಗಿ ಗುರುತಿಸುತ್ತದೆ, ಹೊಸದಾಗಿ ಹೊಸೆದದ್ದನ್ನು ಎಷ್ಟೋ ಸಲ ಗುರುತಿಸುವುದಿಲ್ಲ. ಪಾಸ್‌ವರ್ಡ್ ಹಾಕಿದ ಪಿಡಿಎಫ್‌ನ ಒಳಗಿನ ಬರಹ, ಚಿತ್ರ, ಫಾಂಟುಗಳೆಲ್ಲ ಗೂಢಲಿಪಿಯಲ್ಲಿರುವುದರಿಂದ ಪಾಸ್‌ವರ್ಡ್ ಕೊಡುವ ತನಕ ಅದರೊಳಗೆ ಇಣುಕುವುದಕ್ಕೂ ಆಗುವುದಿಲ್ಲ. ಬ್ಯಾಂಕಿನ ಸ್ಟೇಟ್‌ಮೆಂಟು, ಇ-ಆಧಾರ್ ಎಲ್ಲವೂ ಪಾಸ್‌ವರ್ಡ್ ಕೇಳುವುದರಿಂದ, ಪಾಸ್‌ವರ್ಡ್ ಇದ್ದರೆ ಫೈಲು ನಂಬಿಕಸ್ಥದ್ದು ಎಂಬ ಭಾವನೆ ಬೆಳೆದುಬಿಟ್ಟಿದೆ. ಪಾಸ್‌ವರ್ಡು ಒಳಗಿರುವುದನ್ನು ಬೇರೆಯವರಿಂದ ಕಾಯುತ್ತದೆಯೇ ಹೊರತು, ಒಳಗಿರುವುದರಿಂದ ನಿಮ್ಮನ್ನು ಕಾಯುವುದಿಲ್ಲ.

ನಿಜವಾಗಿ ಕಾಯುವ ಏರ್ಪಾಡು ಬೇರೆಯೇ ಇದೆ. ದೋಷವಿಲ್ಲದ ರೀಡರನ್ನು ಬರೆಯುವುದು ಅಸಾಧ್ಯವೆಂದು ಮನಗಂಡ ತಯಾರಕರು, ರೀಡರ್ ಕೆಟ್ಟರೂ ಕೇಡು ಹರಡದಂತೆ ಅದನ್ನು ಬೇಲಿಯೊಳಗೆ ಕೂರಿಸುವ ದಾರಿ ಹಿಡಿದರು. ಮಲೆನಾಡಿನ ಮನೆಗಳಲ್ಲಿ ಗುರುತಿಲ್ಲದವರನ್ನು ಜಗಲಿಯಲ್ಲಿ ಕೂರಿಸಿ ಆಸರಿಗೆ ಕೊಡುತ್ತಾರೆ, ಒಳಕೋಣೆಗೆ ಬಿಡುವುದಿಲ್ಲವಲ್ಲ, ಸ್ಯಾಂಡ್‌ಬಾಕ್ಸ್ ಎಂಬುದು ಅಂಥದ್ದೇ ಜಗಲಿ. ಅಡೋಬಿ ರೀಡರ್‌ನಲ್ಲಿ ಇದು 2010ರ ಕೊನೆಗೆ ‘ಪ್ರೊಟೆಕ್ಟೆಡ್ ಮೋಡ್’ ಎಂಬ ಹೆಸರಿನಲ್ಲಿ ಬಂತು. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಬ್ರೌಸರುಗಳು ಪಿಡಿಎಫನ್ನು ಇಂಥ ಜಗಲಿಯಲ್ಲೇ ತೆರೆಯುತ್ತವೆ, ಜೊತೆಗೆ ತಮ್ಮನ್ನು ತಾವೇ ಅಪ್‌ಡೇಟ್ ಮಾಡಿಕೊಳ್ಳುತ್ತವೆ. ಅವೂ ದೋಷಮುಕ್ತವಲ್ಲ: ಫೈರ್‌ಫಾಕ್ಸಿನ ಪಿಡಿಎಫ್ ಭಾಗದಲ್ಲಿ ಫಾಂಟಿನ ಮೂಲಕ ಜಾವಾಸ್ಕ್ರಿಪ್ಟ್ ಓಡಿಸಬಲ್ಲ ದೋಷ 2024ರ ಮೇ ತಿಂಗಳಲ್ಲಿ ಸರಿಯಾಯಿತು. ಹಾಗಿದ್ದರೂ ಹಳೆಯ ರೀಡರ್‌ಗೂ ಹೊಸ ಬ್ರೌಸರಿಗೂ ಇರುವ ಅಂತರ ಬಹಳ ದೊಡ್ಡದು.

ಆದ್ದರಿಂದ ನಿಮ್ಮ ಅಂಗಡಿಗೆ ನಾನು ಸೂಚಿಸುವ ಏರ್ಪಾಡು ಹೀಗಿದೆ. ಹೊರಗಿನಿಂದ ಬಂದ ಫೈಲುಗಳನ್ನು ತೆರೆಯಲು ಒಂದು ಯಂತ್ರವನ್ನು ಬೇರೆಯಿಡಿ. ಅದರಲ್ಲಿ ಬ್ಯಾಂಕಿನ ಕೆಲಸವನ್ನಾಗಲಿ, ಸರ್ಕಾರಿ ಪೋರ್ಟಲಿನ ಲಾಗಿನ್ನನ್ನಾಗಲಿ ಮಾಡಬೇಡಿ. ಪಾಸ್‌ವರ್ಡುಗಳನ್ನು ಬ್ರೌಸರಿನಲ್ಲಿ ಉಳಿಸಬೇಡಿ. ಅಲ್ಲಿ ದಿನನಿತ್ಯ ಬಳಸುವ ಖಾತೆ ಅಡ್ಮಿನಿಸ್ಟ್ರೇಟರ್ ಖಾತೆಯಾಗಿರದೆ ಸಾಮಾನ್ಯ ಖಾತೆಯಾಗಿರಲಿ. ಪಿಡಿಎಫ್ ಮೇಲೆ ಒತ್ತಿದರೆ ಬ್ರೌಸರಿನಲ್ಲೇ ತೆರೆಯುವಂತೆ ಹೊಂದಿಸಿ, ಅಲ್ಲಿಂದಲೇ ಪ್ರಿಂಟ್ ಕೊಡಿ. ಪುಟದ ಅಳತೆ ಕಿರಿದಾಗುತ್ತದೆ ಎಂಬ ದೂರು ಬಂದರೆ ಪ್ರಿಂಟಿನ ಹೆಚ್ಚಿನ ಆಯ್ಕೆಗಳಲ್ಲಿ ‘ಸ್ಕೇಲ್’ ಎಂಬಲ್ಲಿ ಮೂಲ ಅಳತೆಯನ್ನು ಆರಿಸಿದರೆ ಸರಿಹೋಗುತ್ತದೆ. ಬಣ್ಣ ಬೇರ್ಪಡಿಸುವಂಥ ಮುದ್ರಣದ ಕೆಲಸಕ್ಕೆ ಅಡೋಬಿಯದೇ ತಂತ್ರಾಂಶ ಬೇಕೆಂದರೆ, ಅದರ ‘ಪ್ರಿಫರೆನ್ಸಸ್’ನಲ್ಲಿ ಜಾವಾಸ್ಕ್ರಿಪ್ಟನ್ನು ಬಂದ್ ಮಾಡಿ, ಪ್ರೊಟೆಕ್ಟೆಡ್ ಮೋಡ್ ಇರುವುದನ್ನು ಖಚಿತಪಡಿಸಿಕೊಂಡು, ಆದಷ್ಟು ನೀವೇ ಮಾಡಿದ ಫೈಲುಗಳಿಗೆ ಮಾತ್ರ ಅದನ್ನು ಬಳಸಿ.

ವರ್ಡ್ ಫೈಲುಗಳಲ್ಲಿ ಒಂದು ತೊಡಕಿದೆ. ಇಂಟರ್‌ನೆಟ್‌ನಿಂದ ಬಂದ ಫೈಲನ್ನು ಆಫೀಸು ‘ಪ್ರೊಟೆಕ್ಟೆಡ್ ವ್ಯೂ’ ಎಂಬ ಜಗಲಿಯಲ್ಲಿ ತೆರೆಯುತ್ತದೆ. ಅಲ್ಲಿಂದ ಪ್ರಿಂಟ್ ಕೊಡಬೇಕಾದರೆ ಅನುಮತಿಯ ಗುಂಡಿ ಒತ್ತಬೇಕು, ಒತ್ತಿದರೆ ಜಗಲಿಯ ರಕ್ಷಣೆ ಹೋಗುತ್ತದೆ. ಸಾಲುಗಟ್ಟಿ ನಿಂತ ಗಿರಾಕಿಗಳ ಮುಂದೆ ಆ ಗುಂಡಿಯನ್ನು ಎಲ್ಲರೂ ಒತ್ತುತ್ತಾರೆ, ಅದಕ್ಕೆ ನಿಮ್ಮನ್ನು ದೂರಿ ಫಲವಿಲ್ಲ. ಗುರುತಿನ ಗಿರಾಕಿಗಳಿಗೆ ಅವರ ಮೊಬೈಲಿನಲ್ಲೇ ಪಿಡಿಎಫ್ ಮಾಡಿ ಕಳಿಸುವುದನ್ನು ಕಲಿಸಿಕೊಡಿ, ಅರ್ಧದಷ್ಟು ಅಪಾಯ ಅಲ್ಲೇ ಕಳೆಯುತ್ತದೆ. ಪಿಡಿಎಫ್ ಮಾಡಿಕೊಡುತ್ತೇವೆನ್ನುವ ಅಪರಿಚಿತ ವೆಬ್‌ಸೈಟುಗಳಿಗೆ ಮಾತ್ರ ಜನರ ಆಧಾರ್, ಪಹಣಿ, ಬ್ಯಾಂಕಿನ ಹಾಳೆಗಳನ್ನು ಏರಿಸಬೇಡಿ. ನಿಮ್ಮ ಯಂತ್ರವನ್ನು ಉಳಿಸಿಕೊಳ್ಳಲು ಹೋಗಿ ಅವರ ಗುಟ್ಟನ್ನು ಬಿಟ್ಟುಕೊಟ್ಟಂತಾಗುತ್ತದೆ. ಪ್ರಿಂಟ್ ಆದ ಫೈಲುಗಳನ್ನು ಸಂಜೆ ಅಂಗಡಿ ಮುಚ್ಚುವ ಮೊದಲು ಅಳಿಸುವುದೂ ಆ ಜನರಿಗೆ ನೀವು ಸಲ್ಲಿಸಬೇಕಾದ ಋಣ. ಯಂತ್ರಕ್ಕೆ ಎಂದಾದರೂ ಕನ್ನ ಬಿದ್ದರೆ ಕಳುವಾಗುವುದು ಅವರ ದಾಖಲೆಗಳೇ ಅಲ್ಲವೆ?

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2020ರ ಜನವರಿ 14ಕ್ಕೇ ಮುಗಿಯಿತು, ಕ್ರೋಮ್ ಅದಕ್ಕೆ 109ನೆಯ ಆವೃತ್ತಿಯಿಂದಾಚೆ ಬರುತ್ತಿಲ್ಲ. ಅದಾದ ಮೇಲೆ ಗೊತ್ತಾದ ದೋಷಗಳು ಆ ಯಂತ್ರದಲ್ಲಿ ಹಾಗೆಯೇ ಉಳಿದಿರುತ್ತವೆ. ಹಳೆಯ ನುಡಿ ಫೈಲುಗಳಿಗಾಗಿಯೋ ಹಳೆಯ ಪ್ರಿಂಟರಿಗಾಗಿಯೋ ಅದು ಬೇಕೆಂದರೆ ಇರಲಿ. ಆದರೆ ಅದಕ್ಕೆ ಇಂಟರ್‌ನೆಟ್ ಬೇಡ, ಗ್ರಾಹಕರ ಪೆನ್‌ಡ್ರೈವ್ ಬೇಡ, ಹೊರಗಿನ ಫೈಲೂ ಬೇಡ. ಮೆಮೊರಿ ಸಾಕಷ್ಟಿದ್ದರೆ ಅದಕ್ಕೆ ವಿಂಡೋಸಿನ ಬದಲು ಲಿನಕ್ಸ್ ಹಾಕಿಸಿ ಮುಂದುವರಿಸುವುದು ಇನ್ನೂ ಒಳ್ಳೆಯದು. ವಿಂಡೋಸ್ 10ರ ಮಾಮೂಲಿ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಉಳಿದ ಯಂತ್ರಗಳಲ್ಲಿ ಯಾವುದಿದೆಯೆಂದು ಒಮ್ಮೆ ನೋಡಿಕೊಳ್ಳಿ.

ನಮ್ಮ ಕಡೆಯ ಮಳೆಗಾಲದ ಬಗ್ಗೆಯೂ ಒಂದು ಮಾತು ಹೇಳಬೇಕು. ಜುಲೈ ತಿಂಗಳಲ್ಲಿ ಮರ ಬಿದ್ದು ಕರೆಂಟು, ನೆಟ್‌ವರ್ಕ್ ಎರಡೂ ದಿನಗಟ್ಟಲೆ ಹೋಗುತ್ತವೆ. ಆ ದಿನಗಳಲ್ಲಿ ಅಪ್‌ಡೇಟುಗಳು ಬಾಕಿಯಾಗುತ್ತವೆ, ಇತ್ತ ಗ್ರಾಹಕರ ಇಮೇಲುಗಳೂ ರಾಶಿ ಬೀಳುತ್ತವೆ. ನೆಟ್‌ವರ್ಕ್ ಬಂದ ಕೂಡಲೇ ನಾವು ಮಾಡುವ ಮೊದಲ ಕೆಲಸ ಆ ರಾಶಿಯನ್ನು ಒಂದೊಂದಾಗಿ ತೆರೆಯುವುದು, ಅದೂ ಹಳೆಯದಾಗಿ ಕುಳಿತ ತಂತ್ರಾಂಶದಲ್ಲಿ. ಆ ಕ್ರಮವನ್ನು ತಿರುವುಮುರುವು ಮಾಡಿ. ಬ್ರೌಸರಿನ ಮೆನುವಿನಲ್ಲಿ ‘ಹೆಲ್ಪ್’ ಕೆಳಗಿನ ‘ಅಬೌಟ್’ ತೆರೆದರೆ ಅದು ತಾನಾಗಿ ಹೊಸ ಆವೃತ್ತಿಯನ್ನು ಹುಡುಕಿ ಇಳಿಸಿಕೊಳ್ಳುತ್ತದೆ. ಬ್ರೌಸರನ್ನು ಒಮ್ಮೆ ಮುಚ್ಚಿ ತೆರೆಯಿರಿ, ವಿಂಡೋಸ್ ಅಪ್‌ಡೇಟಿಗೂ ಚಾಲನೆ ಕೊಡಿ, ಆಮೇಲೆ ಇಮೇಲಿಗೆ ಕೈಹಾಕಿ.